ಹನ್ನೊಂದು ಮಾತ್ರೆಯ ಲೆಕ್ಕ: ಅಪರೂಪದ ತಾಳಗಳಲ್ಲಿ ದ್ರುತಗತಿಯ ತಬಲಾ ಸೋಲೊ

ಮೈಸೂರಿನ ಕಚೇರಿಗಳಲ್ಲಿ ತನಿ ಆವರ್ತನ, ಅಂದರೆ ಲಯವಾದ್ಯಗಳು ಮಾತ್ರ ನುಡಿಯುವ ಭಾಗ, ಆರಂಭವಾದೊಡನೆ ಕೇಳುಗರಲ್ಲಿ ಅರ್ಧದಷ್ಟು ಮಂದಿಯ ಕೈ ತಾನಾಗಿಯೇ ತೊಡೆಯ ಮೇಲೆ ಬೀಳತೊಡಗುತ್ತದೆ. ಒಂದು ಘಾತ, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಘಾತ ಮತ್ತು ಅಂಗೈ ಮೇಲಾಗಿಸುವ ಹುಸಿ. ಆದಿತಾಳದ ಈ ಎಂಟು ಕ್ರಿಯೆಗಳನ್ನು ಪಾಠವೆಂದು ಕಲಿತವರಿಗಿಂತ, ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದ ಚಪ್ಪರದಲ್ಲಿ ಹಿರಿಯರ ಪಕ್ಕ ಕುಳಿತು ನೋಡಿ ನೋಡಿಯೇ ಕೈಗೆ ಹತ್ತಿಸಿಕೊಂಡವರು ಹೆಚ್ಚು. ಅದೇ ಕೈಗಳು ಹನ್ನೊಂದು ಮಾತ್ರೆಯ, ಅಂದರೆ ಹನ್ನೊಂದು ಎಣಿಕೆಯ, ತಾಳವೊಂದರಲ್ಲಿ ತಬಲಾ ಸೋಲೊ ನಡೆಯುವಾಗ ಎರಡನೆಯ ಅಥವಾ ಮೂರನೆಯ ನಿಮಿಷಕ್ಕೆ ನಿಂತುಬಿಡುವುದನ್ನು ನಾನು ಬಹಳ ಸಲ ನೋಡಿದ್ದೇನೆ. ತಬಲಾ ಕಲಿಯುವವರಿಗೂ ನುಡಿಸುವವರಿಗೂ ಹಾರ್ಮೋನಿಯಂನಲ್ಲಿ ಲೆಹರಾ ಎಂಬ ತಾಳ ಕಾಯುವ ಸ್ವರಸಾಲನ್ನು ಹಿಡಿದು ಕೂರುವುದು ನನ್ನ ಹವ್ಯಾಸವಾದ್ದರಿಂದ, ವೇದಿಕೆಯ ಆ ಮೂಲೆಯಿಂದ ನನಗೆ ಕಾಣುವುದು ಕೇಳುಗರ ಮುಖಕ್ಕಿಂತ ಹೆಚ್ಚಾಗಿ ಅವರ ಕೈಗಳೇ.

ಕಾರ್ಯಕ್ರಮ ಮುಗಿದ ಮೇಲೆ ಅವರಲ್ಲಿ ಹೆಚ್ಚಿನವರು ಹೇಳುವ ಕಾರಣ ವೇಗ. ಬೆರಳು ಅಷ್ಟು ಓಡಿದರೆ ಲೆಕ್ಕ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ಆದರೆ ಇವರೇ ಮೃದಂಗದ ಕೊನೆಯ ಮೋರಾ, ಕೋರ್ವೆ ಎಂಬ ಮುಕ್ತಾಯಗಳನ್ನು ಅದಕ್ಕೇನೂ ಕಡಿಮೆಯಿಲ್ಲದ ವೇಗದಲ್ಲಿ ಕೇಳುತ್ತ ಒಂದು ಬೆರಳೂ ತಪ್ಪದಂತೆ ತಾಳ ಹಾಕಿದವರು. ಅಪರೂಪದ ತಾಳದಲ್ಲಿ ಕೇಳುಗನ ಕೈ ನಿಲ್ಲುವುದಕ್ಕೂ, ನುಡಿಸುವವನಿಗೆ ಆ ತಾಳ ಕಷ್ಟವಾಗುವುದಕ್ಕೂ ಕಾರಣ ಒಂದೇ: ತಬಲಾದ ದ್ರುತ ರಚನೆಗಳಲ್ಲಿ ಬಹುಪಾಲು ಹದಿನಾರು ಮಾತ್ರೆಯ ಮನೆಯಲ್ಲಿ ಹುಟ್ಟಿದವು, ಆ ಮನೆಯ ಅಳತೆಗೇ ಬೆಳೆದವು. ಅವುಗಳನ್ನು ಹನ್ನೊಂದಕ್ಕೋ ಹದಿಮೂರಕ್ಕೋ ಹೇಗೆ ಹೊಂದಿಸುತ್ತಾರೆ, ಹೊಂದಿಸಿದ್ದಕ್ಕೂ ಅಲ್ಲಿಯೇ ಹುಟ್ಟಿದ್ದಕ್ಕೂ ಏನು ವ್ಯತ್ಯಾಸ ಎಂಬುದನ್ನು ತಿಳಿದುಕೊಂಡರೆ ವೇಗದ ಭಯ ತಾನಾಗಿ ಕರಗುತ್ತದೆ.

ಮೊದಲಿಗೆ ಎರಡು ಪದ್ಧತಿಗಳ ನಡುವಿನ ಒಂದು ಮೂಲ ವ್ಯತ್ಯಾಸವನ್ನು ಹೇಳಬೇಕು. ಕರ್ನಾಟಕ ಪದ್ಧತಿಯಲ್ಲಿ ತಾಳವು ಕೈಯ ಕ್ರಿಯೆಗಳಲ್ಲಿ ಇರುತ್ತದೆ. ತಾಳದ ಅಂಗಗಳಲ್ಲಿ ಲಘುವಿಗೆ ಇಷ್ಟು ಬೆರಳು, ದ್ರುತವೆಂಬ ಅಂಗಕ್ಕೆ ಒಂದು ಘಾತ ಒಂದು ಹುಸಿ ಎಂದು ಗೊತ್ತಿದ್ದರೆ, ಮೃದಂಗ ಏನೇ ನುಡಿಯಲಿ, ತಾಳ ಕೈಯಲ್ಲಿ ಭದ್ರವಾಗಿರುತ್ತದೆ. ಹಿಂದೂಸ್ತಾನಿ ಪದ್ಧತಿಯಲ್ಲಿಯೂ ಚಪ್ಪಾಳೆಗಳೂ ಖಾಲಿ ಎಂಬ ಪೆಟ್ಟಿಲ್ಲದ ಕೈಬೀಸುಗಳೂ ಇವೆ, ಆದರೆ ತಾಳದ ಗುರುತು ಮುಖ್ಯವಾಗಿ ಠೇಕಾದಲ್ಲಿದೆ, ಅಂದರೆ ತಬಲಾ ಮತ್ತೆ ಮತ್ತೆ ನುಡಿಸುವ ನಿಗದಿತ ಬೋಲ್‌ಗಳ ಸಾಲಿನಲ್ಲಿದೆ. ತೀನ್ ತಾಳದ ಹದಿನಾರು ಮಾತ್ರೆಗಳು ‘ಧಾ ಧಿಂ ಧಿಂ ಧಾ, ಧಾ ಧಿಂ ಧಿಂ ಧಾ, ಧಾ ತಿಂ ತಿಂ ತಾ, ತಾ ಧಿಂ ಧಿಂ ಧಾ’ ಎಂದು ನಾಲ್ಕು ನಾಲ್ಕರ ನಾಲ್ಕು ವಿಭಾಗಗಳಾಗಿ ನಡೆಯುತ್ತವೆ. ಮೊದಲನೆಯ, ಐದನೆಯ, ಹದಿಮೂರನೆಯ ಮಾತ್ರೆಗಳಲ್ಲಿ ಚಪ್ಪಾಳೆ, ಒಂಬತ್ತನೆಯದರಲ್ಲಿ ಖಾಲಿ. ಝಪ್ ತಾಳದ ಹತ್ತು ಮಾತ್ರೆಗಳು ‘ಧಿ ನಾ, ಧಿ ಧಿ ನಾ, ತಿ ನಾ, ಧಿ ಧಿ ನಾ’ ಎಂದು ಎರಡು ಮೂರು ಎರಡು ಮೂರಾಗಿ ಒಡೆಯುತ್ತವೆ. ರೂಪಕದ ಏಳು ಮಾತ್ರೆಗಳಲ್ಲಿ ಸಮವೇ, ಅಂದರೆ ಆವರ್ತನದ (ತಾಳದ ಒಂದು ಸುತ್ತಿನ) ಮೊದಲ ಮಾತ್ರೆಯೇ, ಖಾಲಿ. ಕಣ್ಣು ಮುಚ್ಚಿ ಕೇಳಿದರೂ ಠೇಕಾದಿಂದಲೇ ತಾಳ ತಿಳಿಯುತ್ತದೆ.

ಈಗ ಸೋಲೊ ಆರಂಭವಾಯಿತೆನ್ನಿ. ಠೇಕಾ ನುಡಿಸಬೇಕಾದ ತಬಲಾವೇ ಠೇಕಾವನ್ನು ಬಿಟ್ಟು ರಚನೆಗಳ ಕಡೆಗೆ ಹೊರಟುಬಿಡುತ್ತದೆ. ಆಗ ತಾಳವನ್ನು ಹಿಡಿದಿಡುವ ಕೆಲಸ ಲೆಹರಾದ್ದು. ಲೆಹರಾ ಅಥವಾ ನಗ್ಮಾ ಎಂದರೆ ತಾಳದ ಒಂದು ಆವರ್ತನಕ್ಕೆ ಸರಿಯಾಗಿ ಹೊಂದುವ ಪುಟ್ಟ ಸ್ವರಸಾಲು. ಸಾರಂಗಿಯಲ್ಲೋ ಹಾರ್ಮೋನಿಯಂನಲ್ಲೋ ಅದನ್ನು ಏನೂ ಬದಲಿಸದೆ ಮುಕ್ಕಾಲು ಗಂಟೆ ಸುತ್ತಿಸುತ್ತಲೇ ಇರಬೇಕು. ಕರ್ನಾಟಕ ಕಚೇರಿಗೆ ಒಗ್ಗಿದ ಕಿವಿ ಇದನ್ನು ಹಿನ್ನೆಲೆಯ ಶ್ರುತಿಯಂತೆ ಕೇಳಿ ಮರೆತುಬಿಡುತ್ತದೆ. ತಾಳ ಕಳೆದುಹೋಗುವುದು ಇಲ್ಲಿಯೇ, ತಬಲಾದ ಮೇಲಲ್ಲ.

ಅಪರೂಪದ ತಾಳಗಳೆಂದರೆ ಯಾವುವು? ಒಂಬತ್ತು ಮಾತ್ರೆಯ ಮತ್ತ ತಾಳ ಮತ್ತು ವಸಂತ, ಹನ್ನೊಂದರ ರುದ್ರ ಮತ್ತು ಚಾರ್ ತಾಲ್ ಕಿ ಸವಾರಿ, ಹದಿಮೂರರ ಜಯ ತಾಳ, ಹದಿನೈದರ ಪಂಚಮ ಸವಾರಿ ಮತ್ತು ಗಜಝಂಪ, ಹದಿನೇಳರ ಶಿಖರ. ಇವುಗಳಲ್ಲಿ ಹಲವಕ್ಕೆ ಮೃದಂಗವನ್ನು ಹೋಲುವ ಪಖವಾಜದ ಹಿನ್ನೆಲೆಯಿದೆ, ಹಾಗೂ ಒಂದೇ ಹೆಸರಿನ ತಾಳಕ್ಕೆ ಘರಾನೆಯಿಂದ ಘರಾನೆಗೆ, ಅಂದರೆ ಗುರುಪರಂಪರೆಯಿಂದ ಗುರುಪರಂಪರೆಗೆ, ಬೇರೆ ಬೇರೆ ಠೇಕಾ ಇರುವುದುಂಟು. ಈ ಸಂಖ್ಯೆಗಳು ನಮಗೆ ಹೊಸವೇನೂ ಅಲ್ಲ. ಸುಳಾದಿ ಸಪ್ತತಾಳಗಳನ್ನು ಐದು ಜಾತಿಗಳಿಂದ ಗುಣಿಸಿದಾಗ ಸಿಗುವ ಮೂವತ್ತೈದರಲ್ಲಿ ಖಂಡ ತ್ರಿಪುಟಕ್ಕೆ ಒಂಬತ್ತು, ಮಿಶ್ರ ತ್ರಿಪುಟಕ್ಕೆ ಹನ್ನೊಂದು, ಸಂಕೀರ್ಣ ತ್ರಿಪುಟಕ್ಕೆ ಹದಿಮೂರು, ಖಂಡ ಧ್ರುವಕ್ಕೆ ಹದಿನೇಳು ಅಕ್ಷರಗಳು. ಸಂಗೀತವನ್ನೇ ಕಲಿಯದ ಕನ್ನಡಿಗನ ಕಿವಿಯೂ ಸಮವಲ್ಲದ ಹೆಜ್ಜೆಗಳಿಗೆ ಪಳಗಿದ್ದೇ: ಗಮಕಿಗಳ ಬಾಯಲ್ಲಿ ಭಾಮಿನಿ ಷಟ್ಪದಿಯ ಮೊದಲ ಸಾಲು ಮೂರು ನಾಲ್ಕು ಮೂರು ನಾಲ್ಕೆಂದು ಹದಿನಾಲ್ಕು ಮಾತ್ರೆ ನಡೆಯುತ್ತದೆ, ಕುಸುಮ ಷಟ್ಪದಿಯ ಸಾಲು ಐದೈದರಂತೆ ಹತ್ತು ಮಾತ್ರೆ ನಡೆದು ಝಪ್ ತಾಳದ ನೆರೆಮನೆಯಲ್ಲೇ ನಿಲ್ಲುತ್ತದೆ. ಆದ್ದರಿಂದ ಸಂಖ್ಯೆಗೆ ಹೆದರಬೇಕಾಗಿಲ್ಲ.

ವೇಗದ ವಿಷಯವನ್ನು ಬೇಗ ಮುಗಿಸಿಬಿಡೋಣ. ರೇಲಾ ಎಂಬ ಪ್ರಕಾರದಲ್ಲಿ ಮಾತ್ರೆಗೆ ಎಂಟು ಅಕ್ಷರ ತುಂಬುವುದು ಸಾಮಾನ್ಯ. ಲಯವು ನಿಮಿಷಕ್ಕೆ 75 ಮಾತ್ರೆಯಷ್ಟಿದ್ದರೆ ನಿಮಿಷಕ್ಕೆ 600 ಅಕ್ಷರ, ಅಂದರೆ ಸೆಕೆಂಡಿಗೆ ಹತ್ತು. ಇದನ್ನು ಒಂದೇ ಬೆರಳು ಮಾಡುವುದಿಲ್ಲ. ‘ತಿರಕಿಟ’ದ ನಾಲ್ಕು ಅಕ್ಷರಗಳಲ್ಲಿ ‘ತಿ’ ಬಲಗೈಯ ನಡುಬೆರಳಿನ ಕಡೆಯದು, ‘ರ’ ತೋರುಬೆರಳಿನದು, ‘ಕಿ’ ಡಗ್ಗಾ ಎಂಬ ಎಡಗಡೆಯ ವಾದ್ಯದ ಮೇಲೆ ಎಡ ಅಂಗೈಯದು, ‘ಟ’ ಮತ್ತೆ ಬಲಗೈಯದು. ‘ಧಿರಧಿರ’ದಲ್ಲಂತೂ ಬಲ ಅಂಗೈ ಕರಣೆಯ, ಅಂದರೆ ತಬಲಾದ ಕಪ್ಪು ಭಾಗದ, ಮೇಲೆ ತೊಟ್ಟಿಲಿನಂತೆ ಆ ಕಡೆ ಈ ಕಡೆ ತೂಗುತ್ತದೆ. ಕೆಲಸ ಹೀಗೆ ಹಂಚಿಹೋಗುವಂತೆಯೇ ಬೋಲ್‌ಗಳನ್ನು ಹೆಣೆದಿರುತ್ತಾರೆ. ವರ್ಷಗಟ್ಟಲೆ ರಿಯಾಜ್ ಮಾಡಿದವರಿಗೆ ಈ ವೇಗ ಕೈಗೆ ಬರುತ್ತದೆ, ಹಾಗೂ ಅದು ಒಮ್ಮೆ ಬಂದರೆ ತೀನ್ ತಾಳದಲ್ಲಾಗಲಿ ರುದ್ರದಲ್ಲಾಗಲಿ ಬೆರಳಿಗೆ ಒಂದೇ. ಬೆರಳಿಗೆ ತಾಳ ಗೊತ್ತಿಲ್ಲ.

ಗೊತ್ತಿರಬೇಕಾದದ್ದು ರಚನೆಗೆ. ಹದಿನಾರರ ಅನುಕೂಲವೆಂದರೆ ಅದನ್ನು ಅರ್ಧ ಮಾಡಿದರೆ ಎಂಟು, ಮತ್ತೆ ಅರ್ಧಕ್ಕೆ ನಾಲ್ಕು, ಎರಡು, ಒಂದು. ಎಲ್ಲಿ ಕತ್ತರಿಸಿದರೂ ತುಂಡು ಮಾತ್ರೆಯ ಗೆರೆಯ ಮೇಲೆಯೇ ಬೀಳುತ್ತದೆ. ತಬಲಾದ ಕಾಯ್ದಾ ಎಂಬ ಪ್ರಕಾರ ನಿಂತಿರುವುದೇ ಈ ಅರ್ಧದ ಮೇಲೆ. ಕಾಯ್ದಾದ ಮೊದಲರ್ಧ ಭರಿ, ಅಂದರೆ ಡಗ್ಗಾದ ಗುಂಗು ತುಂಬಿದ್ದು. ಎರಡನೆಯ ಅರ್ಧದ ಆರಂಭದಲ್ಲಿ ಅದೇ ಬೋಲ್‌ಗಳು ಡಗ್ಗಾದ ನಾದವನ್ನು ಬಿಟ್ಟುಕೊಟ್ಟು ಖಾಲಿಯಾಗುತ್ತವೆ, ‘ಧಾ’ ಹೋಗಿ ‘ತಾ’ ಆಗುತ್ತದೆ, ‘ಧಿಂ’ ಹೋಗಿ ‘ತಿಂ’ ಆಗುತ್ತದೆ. ದಿಲ್ಲಿಯ ಬಹು ಪ್ರಸಿದ್ಧವಾದ ಕಾಯ್ದಾವೊಂದರ ಭರಿ ಭಾಗ ‘ಧಾತಿಟ ಧಾತಿಟ ಧಾಧಾ ತಿಟ ಧಾಗೆ ತಿನಾ ಕಿನಾ’ ಎಂದು ಹದಿನಾರು ಅಕ್ಷರಗಳದ್ದು, ಖಾಲಿಯೂ ಅಷ್ಟೇ. ಮಾತ್ರೆಗೆ ನಾಲ್ಕು ಅಕ್ಷರದ ಚೌಗುನ್‌ನಲ್ಲಿ ಅರ್ಧ ಆವರ್ತನಕ್ಕೆ ಒಂದು ಸುತ್ತು ಮುಗಿಯುತ್ತದೆ, ಎಲ್ಲಿಯೂ ತೊಡಕಿಲ್ಲ.

ಇದನ್ನೇ ಹನ್ನೊಂದು ಮಾತ್ರೆಗೆ ತರಬೇಕು. ಚೌಗುನ್‌ನಲ್ಲಿ ಒಂದು ಆವರ್ತನಕ್ಕೆ ನಲವತ್ತನಾಲ್ಕು ಅಕ್ಷರ. ಭರಿಗೆ ಇಪ್ಪತ್ತೆರಡು, ಖಾಲಿಗೆ ಇಪ್ಪತ್ತೆರಡು. ಮೂಲದಲ್ಲಿರುವುದು ಹದಿನಾರು, ಕೊರತೆ ಆರು. ಆರಂಭದ ‘ಧಾತಿಟ’ವನ್ನು ಎರಡರ ಬದಲು ನಾಲ್ಕು ಸಲ ನುಡಿಸಿದರೆ ಆ ಆರು ಸಿಕ್ಕಿಬಿಡುತ್ತದೆ: ಮೂರರ ನಾಲ್ಕು ತುಂಡು ಹನ್ನೆರಡು, ಉಳಿದ ‘ಧಾಧಾ ತಿಟ ಧಾಗೆ ತಿನಾ ಕಿನಾ’ ಹತ್ತು, ಒಟ್ಟು ಇಪ್ಪತ್ತೆರಡು. ಕಾಗದದ ಮೇಲೆ ಲೆಕ್ಕ ಇಷ್ಟು ಸುಲಭ. ಆದರೆ ಹನ್ನೊಂದರ ಅರ್ಧ ಐದೂವರೆ ಎಂಬುದನ್ನು ಮರೆಯಬಾರದು. ಖಾಲಿ ಭಾಗ ಈಗ ಆರನೆಯ ಮಾತ್ರೆಯ ನಟ್ಟನಡುವಿನಿಂದ, ಅದರ ಮೂರನೆಯ ಅಕ್ಷರದಿಂದ ಹೊರಡಬೇಕು. ಡಗ್ಗಾದ ಗುಂಗು ನಿಲ್ಲುವ ಜಾಗವನ್ನೇ ಗುರುತಾಗಿ ಇಟ್ಟುಕೊಂಡು ಕೇಳುತ್ತಿದ್ದವನಿಗೆ, ಗುರುತು ಮಾತ್ರೆಯ ಮೇಲೆ ಬೀಳದೆ ಎರಡು ಮಾತ್ರೆಗಳ ಸಂದಿನಲ್ಲಿ ಬಿದ್ದಾಗ, ಕೈ ಅರ್ಧ ಮಾತ್ರೆ ಜಾರುತ್ತದೆ. ಮುಂದಿನ ಸಮದಲ್ಲಿ ಎಲ್ಲವೂ ಮತ್ತೆ ಸರಿಹೋಗುತ್ತದೆ, ಆದರೆ ಜಾರಿದ ಕೈ ಅಷ್ಟರಲ್ಲಿ ತೊಡೆಯಿಂದ ಎದ್ದಾಗಿರುತ್ತದೆ. ಕೆಲವರು ಈ ತೊಡಕೇ ಬೇಡವೆಂದು ಒಂದು ಇಡೀ ಆವರ್ತನವನ್ನು ಭರಿಗೂ ಇನ್ನೊಂದನ್ನು ಖಾಲಿಗೂ ಕೊಡುತ್ತಾರೆ. ಅದು ಕೇಳಲು ನೆಮ್ಮದಿ, ಆದರೆ ಹನ್ನೊಂದರ ರುಚಿ ಅದರಲ್ಲಿ ಸ್ವಲ್ಪ ಸಪ್ಪೆಯಾಗುತ್ತದೆ ಎಂಬುದು ನನ್ನ ಅನಿಸಿಕೆ.

ಗತ್, ತುಕಡಾ, ಪರನ್, ಚಕ್ರಧಾರ ಮೊದಲಾದ ನಿಗದಿತ ರಚನೆಗಳಲ್ಲಿ ಹೀಗೆ ನಡುವೆ ತುಂಬಿಸಲು ಬರುವುದಿಲ್ಲ. ಅವು ಕವಿತೆಯಂತೆ, ಒಂದಕ್ಷರ ಸೇರಿಸಿದರೂ ಕೆಡುತ್ತವೆ. ಅಲ್ಲಿ ಬಳಸುವ ಉಪಾಯ ಬೇರೆ: ರಚನೆಯನ್ನು ಮುಟ್ಟದೆ, ಹೊರಡುವ ಜಾಗವನ್ನು ಬದಲಿಸುವುದು. ತೀನ್ ತಾಳದ ಮೂರು ಆವರ್ತನಗಳ ಚಕ್ರಧಾರವೊಂದು ನಲವತ್ತೆಂಟು ಮಾತ್ರೆ ಓಡಿ ಮುಂದಿನ ಸಮದಲ್ಲಿ ಇಳಿಯುತ್ತದೆ. ಹದಿನೈದು ಮಾತ್ರೆಯ ತಾಳದಲ್ಲಿ ಮೂರು ಆವರ್ತನವೆಂದರೆ ನಲವತ್ತೈದು ಮಾತ್ರ, ಹೆಚ್ಚಾದದ್ದು ಮೂರು. ಆದ್ದರಿಂದ ಸಮಕ್ಕೆ ಮೂರು ಮಾತ್ರೆ ಮೊದಲೇ, ಹದಿಮೂರನೆಯ ಮಾತ್ರೆಯಿಂದ ಹೊರಟರೆ ಕೊನೆಯ ‘ಧಾ’ ಕೂದಲೆಳೆಯೂ ತಪ್ಪದೆ ಸಮಕ್ಕೆ ಬೀಳುತ್ತದೆ. ಅದೇ ರಚನೆಯನ್ನು ಹನ್ನೊಂದರಲ್ಲಿ ಎಂಟನೆಯ ಮಾತ್ರೆಯಿಂದ ಹಿಡಿಯಬೇಕು. ಸಭೆಯಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ, ಬೀಳಲಿ; ಲೆಕ್ಕ ತಪ್ಪದೆ ನಡುಮಧ್ಯದಿಂದ ಹೊರಡುವುದೂ ಒಂದು ಕಸುಬೇ. ಆದರೆ ಆ ರಚನೆ ಹದಿನೈದು ಮಾತ್ರೆಯ ಮನೆಯಲ್ಲಿ ಬಾಡಿಗೆಗಿದ್ದಂತೆ. ಒಳಗಿನ ನಡಿಗೆಯೆಲ್ಲ ನಾಲ್ಕು ನಾಲ್ಕರದ್ದೇ, ಲೆಹರಾ ಒಂದು ದಾರಿ ಹಿಡಿದರೆ ಅದು ಇನ್ನೊಂದು ದಾರಿ ಹಿಡಿದು ಬಾಗಿಲಲ್ಲಿ ಮಾತ್ರ ಭೇಟಿಯಾಗುತ್ತವೆ.

ತಾಳದ ಒಳಗೇ ಹುಟ್ಟಿದ ರಚನೆ ಹೇಗಿರುತ್ತದೆ ಎಂಬುದನ್ನು ತಿಳಿಯಲು ತಿಹಾಯಿಯಿಂದ ಆರಂಭಿಸಬೇಕು. ಒಂದೇ ಪಾದವನ್ನು ಮೂರು ಸಲ ನುಡಿಸಿ ಮೂರನೆಯದರ ಕೊನೆಯ ಪೆಟ್ಟನ್ನು ಸಮದ ಮೇಲೆ ಇಳಿಸುವುದು ತಿಹಾಯಿ. ನಮ್ಮ ಮೋರಾಕ್ಕೆ ಹತ್ತಿರದ ಬಂಧು. ಪಾದಗಳ ನಡುವಿನ ಬಿಡುವನ್ನು ನಾವು ಕಾರ್ವೆ ಎನ್ನುತ್ತೇವೆ, ಅವರು ದಮ್ ಎನ್ನುತ್ತಾರೆ. ಬಿಡುವಿದ್ದರೆ ದಮ್‌ದಾರ್, ಇಲ್ಲದಿದ್ದರೆ ಬೇದಮ್. ಸಮದಿಂದ ಹೊರಟು ಮುಂದಿನ ಸಮವನ್ನು ಮುಟ್ಟಬೇಕಾದರೆ ತಾಳದ ಮಾತ್ರೆಗಳಿಗೆ ಒಂದನ್ನು ಕೂಡಿಸಿ, ಬಂದ ಮೊತ್ತವನ್ನು ಮೂರು ಪಾದ ಮತ್ತು ಎರಡು ಬಿಡುವುಗಳಾಗಿ ಹಂಚಬೇಕು. ತೀನ್ ತಾಳಕ್ಕೆ ಹದಿನೇಳು: ಐದು, ಒಂದು ಬಿಡುವು, ಐದು, ಒಂದು ಬಿಡುವು, ಐದು. ಹದಿಮೂರಕ್ಕೆ ಹದಿನಾಲ್ಕು: ನಾಲ್ಕರ ಮೂರು ಪಾದ, ಒಂದರ ಎರಡು ಬಿಡುವು. ಹದಿನೈದಕ್ಕೆ ಹದಿನಾರು: ನಾಲ್ಕರ ಮೂರು ಪಾದ, ಎರಡರ ಎರಡು ಬಿಡುವು. ಹನ್ನೊಂದಕ್ಕೆ ಹನ್ನೆರಡು, ಅದಂತೂ ನಾಲ್ಕು ನಾಲ್ಕು ನಾಲ್ಕೆಂದು ಬಿಡುವೇ ಇಲ್ಲದೆ ಹಂಚಿಹೋಗುತ್ತದೆ. ಕಷ್ಟದ್ದೆಂದು ಹೆಸರಾದ ಹನ್ನೊಂದು ಇಲ್ಲಿ ಹದಿನಾರಿಗಿಂತ ಉದಾರಿ. ಚೌಗುನ್‌ನಲ್ಲಿಯೂ ನಲವತ್ತನಾಲ್ಕಕ್ಕೆ ಒಂದು ಕೂಡಿಸಿದರೆ ನಲವತ್ತೈದು, ಹದಿನೈದರ ಮೂರು ಪಾದ. ಅಲ್ಲಿಯೂ ಬಿಡುವು ಬೇಕಿಲ್ಲ. ಮಾತ್ರೆಗೆ ಎಂಟು ಅಕ್ಷರದ ವೇಗಕ್ಕೆ ಹೋದರೆ ಮೊತ್ತ ಎಂಬತ್ತೊಂಬತ್ತಾಗುತ್ತದೆ, ಆಗ ಇಪ್ಪತ್ತೊಂಬತ್ತರ ಮೂರು ಪಾದಗಳ ನಡುವೆ ಒಂದೊಂದು ಅಕ್ಷರದ ಉಸಿರು ಬಿಡಬೇಕಾಗುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಿರುವ ಆ ಉಸಿರನ್ನು ನುಂಗಿಬಿಟ್ಟರೆ ಸಮ ಹೋಯಿತು. ದ್ರುತದಲ್ಲಿ ನಿಜವಾದ ಪರೀಕ್ಷೆ ನುಡಿಸುವುದರಲ್ಲಿಲ್ಲ, ಹೀಗೆ ಸುಮ್ಮನಿರುವುದರಲ್ಲಿದೆ.

ತಿಹಾಯಿಯುಳ್ಳ ಇಡೀ ರಚನೆಯನ್ನೇ ಮೂರು ಸಲ ನುಡಿಸಿದರೆ ಚಕ್ರಧಾರ. ಅದರಲ್ಲಿ ಫರ್ಮಾಯಿಶಿ ಎಂಬ ಬಗೆಯೊಂದಿದೆ. ಕೇಳುಗರು ಕೋರಿ ನುಡಿಸುವಂಥದ್ದು ಎಂದು ಆ ಹೆಸರಿನ ಅರ್ಥ. ಮೊದಲ ಸುತ್ತಿನಲ್ಲಿ ತಿಹಾಯಿಯ ಮೊದಲ ‘ಧಾ’ ಸಮಕ್ಕೆ ಬರಬೇಕು, ಎರಡನೆಯ ಸುತ್ತಿನಲ್ಲಿ ಎರಡನೆಯ ‘ಧಾ’, ಮೂರನೆಯ ಸುತ್ತಿನಲ್ಲಿ ಮೂರನೆಯ ‘ಧಾ’. ಕೇಳಿದರೆ ಮಾಯೆಯಂತೆ ತೋರುವ ಇದಕ್ಕೆ ಸೂತ್ರ ಒಂದೇ ಸಾಲಿನದು: ಒಂದು ಸುತ್ತಿನ ಉದ್ದಕ್ಕೆ ತಿಹಾಯಿಯ ಒಂದು ಪಾದದ ಉದ್ದವನ್ನು ಕೂಡಿಸಿದರೆ ತಾಳದ ಪೂರ್ಣ ಆವರ್ತನಗಳು ಬರಬೇಕು. ಪಾದ ಮೂರು ಮಾತ್ರೆಯದಾದರೆ, ಹನ್ನೊಂದರ ಎರಡು ಆವರ್ತನಗಳಾದ ಇಪ್ಪತ್ತೆರಡರಲ್ಲಿ ಮೂರು ಕಳೆದು ಸುತ್ತನ್ನು ಹತ್ತೊಂಬತ್ತು ಮಾತ್ರೆಗೆ ಕಟ್ಟಬೇಕು. ಪ್ರತಿ ಸುತ್ತೂ ಪಾದದಷ್ಟು ಹಿಂದೆ ಸರಿಯುವುದರಿಂದ ಪ್ರತಿ ಸಲವೂ ಒಂದು ‘ಧಾ’ ಮುಂದಿನದು ಸಮಕ್ಕೆ ಒದಗುತ್ತದೆ.

ಕಾಗದ ಪೆನ್ಸಿಲು ಹಿಡಿದು ನೋಡೋಣ. ಸಮದಿಂದ ಹೊರಟು ಒಂಬತ್ತು ಮಾತ್ರೆ ರಚನೆಯ ಮೈ. ಅನಂತರ ತಿಹಾಯಿ: ‘ಧಿರಧಿರಕಿಟತಕ’ ಒಂದು ಮಾತ್ರೆ, ‘ತಾ ತಿರಕಿಟತಕ’ ಇನ್ನೊಂದು ಮಾತ್ರೆ, ‘ಧಾ’ ಒಂದು ಮಾತ್ರೆ, ಹೀಗೆ ಮೂರು ಸಲ, ಒಂಬತ್ತು ಮಾತ್ರೆ. ಕೊನೆಗೆ ಒಂದು ಮಾತ್ರೆ ಬಿಡುವು. ಒಟ್ಟು ಹತ್ತೊಂಬತ್ತು. ಮೊದಲ ಸುತ್ತಿನ ‘ಧಾ’ಗಳು 12, 15, 18ನೆಯ ಮಾತ್ರೆಗಳಲ್ಲಿ ಬೀಳುತ್ತವೆ. ಎರಡನೆಯ ಸುತ್ತು ಇಪ್ಪತ್ತನೆಯ ಮಾತ್ರೆಯಿಂದ ಹೊರಡುವುದರಿಂದ ಅದರ ‘ಧಾ’ಗಳು 31, 34, 37ರಲ್ಲಿ; ಮೂರನೆಯದರವು 50, 53, 56ರಲ್ಲಿ. ಹನ್ನೊಂದು ಮಾತ್ರೆಯ ತಾಳದಲ್ಲಿ ಸಮಗಳು ಬೀಳುವುದು 1, 12, 23, 34, 45, 56ನೆಯ ಮಾತ್ರೆಗಳಲ್ಲಿ. ಮೊದಲ ಸುತ್ತಿನ ಮೊದಲ ‘ಧಾ’ 12, ಎರಡನೆಯ ಸುತ್ತಿನ ಎರಡನೆಯ ‘ಧಾ’ 34, ಮೂರನೆಯ ಸುತ್ತಿನ ಮೂರನೆಯ ‘ಧಾ’ 56. ಒಂದು ಎರಡು ಮೂರು ನಾಲ್ಕು ಐದು ಆರು ಎಂದು ಅಂಕೆಗಳು ಸಾಲಾಗಿ ನಿಂತದ್ದು ಬರಿಯ ಆಕಸ್ಮಿಕ, ಆದರೆ ಒಮ್ಮೆ ಕಂಡವರು ಈ ಲೆಕ್ಕವನ್ನು ಮರೆಯುವುದಿಲ್ಲ. ಇದೇ ಮೂರು ಮಾತ್ರೆಯ ಪಾದಕ್ಕೆ ಹದಿಮೂರರಲ್ಲಿ ಸುತ್ತಿನ ಉದ್ದ ಇಪ್ಪತ್ತಮೂರು, ಹದಿನೈದರಲ್ಲಿ ಇಪ್ಪತ್ತೇಳು.

ಇಂಥ ರಚನೆಯಲ್ಲಿ ಆಗುವ ಸೊಗಸನ್ನು ಗಮನಿಸಬೇಕು. ಮೊದಲ ಸುತ್ತಿನಲ್ಲಿ ಸಮ ಬಂತೆಂದುಕೊಂಡು ಕೇಳುಗ ತಲೆದೂಗುವಷ್ಟರಲ್ಲಿ ತಿಹಾಯಿ ಇನ್ನೂ ಎರಡು ಪಾದ ಮುಂದೆ ಹೋಗಿರುತ್ತದೆ. ಎರಡನೆಯ ಸುತ್ತಿನಲ್ಲಿ ಸಮ ತಿಹಾಯಿಯ ನಡುವೆ ಬರುತ್ತದೆ. ಮೂರನೆಯ ಸುತ್ತಿನಲ್ಲಿ ಮಾತ್ರ ರಚನೆಯೂ ತಾಳವೂ ಒಟ್ಟಿಗೆ ಕೊನೆಗೊಳ್ಳುತ್ತವೆ. ಬೇರೆ ತಾಳದಿಂದ ಎತ್ತಿ ತಂದ ಚಕ್ರಧಾರ ಕೊನೆಯಲ್ಲಿ ಒಂದೇ ಸಲ ಸಮವನ್ನು ಮುಟ್ಟಿದರೆ, ಇಲ್ಲಿಯೇ ಹುಟ್ಟಿದ್ದು ದಾರಿಯುದ್ದಕ್ಕೂ ಮುಟ್ಟುತ್ತ ಬರುತ್ತದೆ. ಎರಡೂ ಒಂದೇ ವೇಗದಲ್ಲಿದ್ದರೂ ಎರಡನೆಯದನ್ನು ಕೇಳುವಾಗ ಕೈ ತಪ್ಪುವುದಿಲ್ಲ, ಏಕೆಂದರೆ ರಚನೆಯೇ ಕೈ ಹಿಡಿದು ನಡೆಸುತ್ತಿರುತ್ತದೆ.

ಪಂಚಮ ಸವಾರಿಯ ತೊಡಕು ಬೇರೆಯ ಬಗೆಯದು. ಅದರ ಬಳಕೆಯ ಠೇಕಾಗಳಲ್ಲಿ ಒಂದು ‘ಧಿ ನಾ ಧಿಧಿ, ಕತ್ ಧಿಧಿ ನಾಧಿ ಧಿನಾ, ತಿಂಕ್ರ ತಿಂನಾ ತಿರಕಿಟ ತುನಾ, ಕತ್ತಾ ಧಿಧಿ ನಾಧಿ ಧಿನಾ’ ಎಂದು ಮೂರು, ನಾಲ್ಕು, ನಾಲ್ಕು, ನಾಲ್ಕಾಗಿ ನಡೆಯುತ್ತದೆ. ತೀನ್ ತಾಳದ ಮೊದಲ ಮನೆಯಿಂದ ಯಾರೋ ಒಂದು ಮಾತ್ರೆಯನ್ನು ಕದ್ದೊಯ್ದಂತೆ. ಉಳಿದ ಮೂರು ಮನೆಗಳು ಕಿವಿಗೆ ಎಷ್ಟು ಪರಿಚಿತವೆಂದರೆ, ಹನ್ನೆರಡು ಮಾತ್ರೆ ನೆಮ್ಮದಿಯಾಗಿ ನಾಲ್ಕು ನಾಲ್ಕು ಎಣಿಸಿದ ಕೈ ಸಮ ದಾಟಿದ ಮೇಲೆಯೂ ನಾಲ್ಕನ್ನೇ ಎಣಿಸಿ ಒಂದು ಮಾತ್ರೆ ಹಿಂದೆ ಬೀಳುತ್ತದೆ. ಹನ್ನೊಂದಕ್ಕಿಂತ ಹದಿನೈದು ಹೆಚ್ಚು ಮೋಸಗಾರ ಎಂದು ನಾನು ಹೇಳುವುದು ಇದಕ್ಕೇ.

ಅರ್ಧ ಮಾತ್ರೆಯ ತಾಳಗಳೂ ಇವೆ. ಒಂಬತ್ತೂವರೆ ಮಾತ್ರೆಯ ಆವರ್ತನದಲ್ಲಿ ಒಂದು ಸಲ ಸಮ ಕಾಲಿನ ತಟ್ಟಿನ ಮೇಲೆ ಬಂದರೆ ಮುಂದಿನ ಸಲ ಎರಡು ತಟ್ಟುಗಳ ನಡುವೆ ಬರುತ್ತದೆ. ನುಡಿಸುವವರು ಇದನ್ನು ಒಳಗೊಳಗೇ ಹತ್ತೊಂಬತ್ತು ಅರ್ಧಮಾತ್ರೆಗಳೆಂದು ಗ್ರಹಿಸಿರುತ್ತಾರೆ. ಚೌಗುನ್‌ನಲ್ಲಿ ಮೂವತ್ತೆಂಟು ಅಕ್ಷರ, ಒಂದು ಕೂಡಿಸಿದರೆ ಮೂವತ್ತೊಂಬತ್ತು, ಹದಿಮೂರರ ಮೂರು ಪಾದ. ಬೇದಮ್ ತಿಹಾಯಿ ಅನಾಯಾಸವಾಗಿ ಕೂರುತ್ತದೆ. ನೋಡಲು ವಿಚಿತ್ರವಾದ ಸಂಖ್ಯೆ, ಒಳಗೆ ಹೊಕ್ಕರೆ ಸರಳ.

ಇಷ್ಟೆಲ್ಲ ಸಾಧ್ಯತೆಯಿದ್ದರೂ ತಬಲಾ ಸೋಲೊದ ಮುಖ್ಯ ಹೊಳೆ ಹರಿದದ್ದು ತೀನ್ ತಾಳದಲ್ಲಿಯೇ. ದಿಲ್ಲಿ, ಅಜರಾಡಾ, ಲಖನೌ, ಫರೂಖಾಬಾದ್, ಬನಾರಸ್, ಪಂಜಾಬ್ ಎಂಬ ಆರು ಘರಾನೆಗಳ ಆಸ್ತಿಯೆಲ್ಲ ಹೆಚ್ಚಾಗಿ ಹದಿನಾರು ಮಾತ್ರೆಯದು. 1976ರಲ್ಲಿ ತೀರಿಕೊಂಡ ಉಸ್ತಾದ್ ಅಹ್ಮದ್‌ಜಾನ್ ತಿರಕ್ವಾ ಅವರ ಕೀರ್ತಿ ನಿಂತಿರುವುದು ಮುಖ್ಯವಾಗಿ ಆ ಆಸ್ತಿಯ ಮೇಲೆಯೇ, ಅದರಿಂದ ಅವರ ದೊಡ್ಡತನಕ್ಕೆ ಏನೂ
ಕುಂದಿಲ್ಲ. ಅಪರೂಪದ ತಾಳಗಳನ್ನು ವೇದಿಕೆಗೆ ಧಾರಾಳವಾಗಿ ತಂದವರಲ್ಲಿ ಬನಾರಸಿನ ಪಂಡಿತ್ ಕಿಶನ್ ಮಹಾರಾಜ್ (1923–2008) ಮತ್ತು ಪಂಜಾಬ್ ಘರಾನೆಯ ಉಸ್ತಾದ್ ಅಲ್ಲಾರಖಾ (1919–2000) ಮುಖ್ಯರು. ಕಿಶನ್ ಮಹಾರಾಜರು ಒಂಬತ್ತು, ಹನ್ನೊಂದು, ಹದಿಮೂರರಂಥ ತಾಳಗಳಲ್ಲಿ ಲಯಕಾರಿಗೆ, ಅಂದರೆ ಲಯದ ಲೆಕ್ಕದ ಆಟಕ್ಕೆ, ಹೆಸರಾದವರು. ಅಲ್ಲಾರಖಾ ಅವರಿಗೆ ದಕ್ಷಿಣದ ಲಯದ ಲೆಕ್ಕಾಚಾರದ ಮೇಲೆ ವಿಶೇಷವಾದ ಒಲವಿತ್ತು. ಅವರ ಮಗ ಝಾಕಿರ್ ಹುಸೇನ್ (1951–2024) 1970ರ ದಶಕದಲ್ಲಿ ‘ಶಕ್ತಿ’ ತಂಡದಲ್ಲಿ ಘಟಂ ವಿದ್ವಾಂಸ ವಿಕ್ಕು ವಿನಾಯಕರಾಂ ಅವರ ಪಕ್ಕ ಕುಳಿತು ಆ ಒಲವನ್ನು ಇನ್ನಷ್ಟು ಮುಂದಕ್ಕೆ ಒಯ್ದರು.

ಹೀಗಾಗಿ ಮೈಸೂರಿನ ಕೇಳುಗ ಈ ತಾಳಗಳ ಮುಂದೆ ಪರಕೀಯನೆಂದು ಭಾವಿಸಲು ಕಾರಣವಿಲ್ಲ. ಈ ಊರಿಗೆ ಹಿಂದೂಸ್ತಾನಿ ಸಂಗೀತವೂ ಹೊಸದಲ್ಲ. ಆಗ್ರಾ ಘರಾನೆಯ ಉಸ್ತಾದ್ ಫೈಯಾಜ್ ಖಾನರಿಗೆ ‘ಅಫ್ತಾಬ್-ಎ-ಮೌಸಿಕಿ’ ಎಂಬ ಬಿರುದು ದೊರೆತದ್ದು ಮೈಸೂರು ಆಸ್ಥಾನದಿಂದ. ಕಿರಾನಾ ಘರಾನೆಯ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇರುವುದೂ ಇಲ್ಲಿಯೇ. ಕಲಿಯಬೇಕಾದದ್ದು ಕೇಳುವ ರೀತಿಯಲ್ಲಿ ಎರಡು ಸಣ್ಣ ಬದಲಾವಣೆಗಳನ್ನು ಮಾತ್ರ.

ಒಂದು, ಪಢಂತ್ ನಡೆಯುವಾಗ ಎಚ್ಚರವಾಗಿರುವುದು. ಒಳ್ಳೆಯ ವಾದಕರು ದೊಡ್ಡ ರಚನೆಯನ್ನು ನುಡಿಸುವ ಮೊದಲು ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಹೇಳುತ್ತಾರೆ, ನಮ್ಮ ಕೊನ್ನಕ್ಕೋಲ್‌ನಂತೆ. ರಚನೆ ಎಲ್ಲಿ ಒಡೆಯುತ್ತದೆ, ತಿಹಾಯಿಯ ಪಾದ ಎಷ್ಟುದ್ದ, ಬಿಡುವು ಇದೆಯೇ ಇಲ್ಲವೇ ಎಂಬುದೆಲ್ಲ ಆಗಲೇ ತಿಳಿದುಹೋಗುತ್ತದೆ. ಅನಂತರದ ನುಡಿಸಾಣಿಕೆಯಲ್ಲಿ ವೇಗ ಎಷ್ಟಿದ್ದರೂ ಅದು ಗೊತ್ತಿರುವ ದಾರಿ. ನಮ್ಮಲ್ಲಿ ಹಲವರು ಪಢಂತ್ ಸಮಯವನ್ನು ಪಕ್ಕದವರೊಡನೆ ಮಾತಾಡಲು ಬಳಸಿಕೊಳ್ಳುತ್ತಾರೆ ಎಂಬುದನ್ನು ವೇದಿಕೆಯ ಮೂಲೆಯಿಂದ ನೋಡಿದವನಾಗಿ ಹೇಳಲೇಬೇಕು.

ಇನ್ನೊಂದು, ಬೋಲ್‌ಗಳ ಬೆನ್ನು ಬಿಟ್ಟು ಲೆಹರಾವನ್ನು ಹಿಡಿಯುವುದು. ಸೋಲೊ ಆರಂಭವಾಗುವ ಮೊದಲು ಲೆಹರಾ ಒಂದೆರಡು ಆವರ್ತನ ಒಂಟಿಯಾಗಿ ನಡೆಯುತ್ತದೆ. ಆಗಲೇ ಅದರ ಸಮದ ಸ್ವರ ಯಾವುದೆಂದು ಗುರುತಿಸಿಕೊಂಡು, ಸಾಲನ್ನು ಮನಸ್ಸಿನಲ್ಲಿ ಗುನುಗಿಕೊಂಡರೆ ಸಾಕು. ಅಕ್ಷರಗಳನ್ನು ಎಣಿಸುವ ಗೋಜಿಲ್ಲ. ಇದನ್ನು ನಾನು ಕಲಿತದ್ದು ತಪ್ಪಿನಿಂದಲೇ. ಮೊದಲ ಸಲ ಹನ್ನೊಂದು ಮಾತ್ರೆಗೆ ಲೆಹರಾ ನುಡಿಸಿದ ದಿನ, ಒಂದರಿಂದ ಹನ್ನೊಂದರವರೆಗೆ ಬಾಯಲ್ಲೇ ಎಣಿಸುತ್ತ ಕುಳಿತಿದ್ದೆ. ರೇಲಾ ಮಾತ್ರೆಗೆ ಎಂಟು ಅಕ್ಷರದ ಅಠಗುನ್‌ಗೆ ಏರಿದಾಗ ಎಣಿಕೆ ತಬಲಾದ ಕಡೆಗೆ ಓಡಿ, ಬೆರಳುಗಳು ಒಂದು ಮಾತ್ರೆ ಮೊದಲೇ ಸಮಕ್ಕೆ ಹೋಗಿ ಕುಳಿತವು. ತಬಲಾದವರು ನನ್ನನ್ನು ನೋಡಲಿಲ್ಲ. ರೇಲಾ ನಿಲ್ಲಿಸಿ, ನಾನಿದ್ದಲ್ಲಿಂದಲೇ ಠೇಕಾ ಹಿಡಿದು ಎರಡು ಆವರ್ತನ ನಡೆಸಿ, ಅಲ್ಲಿಂದ ಮುಂದಕ್ಕೆ ಹೊರಟರು. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಆಮೇಲೆ ಕಾಫಿ ಕುಡಿಯುವಾಗ ಅವರು ಹೇಳಿದ್ದು ಇಷ್ಟೇ: “ಎಣಿಸಬೇಡಿ, ಹಾಡ್ಕೊಳ್ಳಿ. ನಾಲ್ಕು, ನಾಲ್ಕು, ಮೂರು. ಆ ಮೂರರಲ್ಲಿ ಸ್ವರ ಇಳೀಲಿ, ಆಗ ಸಮ ತಾನೇ ಸಿಗುತ್ತೆ.” ಅಂದಿನಿಂದ ನನ್ನ ಹನ್ನೊಂದು ಮಾತ್ರೆಯ ಲೆಹರಾಗಳೆಲ್ಲ ಕೊನೆಯ ಮೂರು ಮಾತ್ರೆಗಳಲ್ಲಿ ಮೆಟ್ಟಿಲಿಳಿದಂತೆ ಷಡ್ಜದ ಕಡೆಗೆ ಇಳಿಯುತ್ತವೆ, ಮುಂದಿನ ಸಾಲಿನಲ್ಲಿ ಕುಳಿತವರ ಕೈ ಆ ಇಳಿತವನ್ನು ಹಿಡಿದದ್ದು ಕಂಡರೆ, ತಬಲಾದವರು ಇನ್ನೆಷ್ಟು ವೇಗ ಏರಿಸಿದರೂ ನಾನು ನಿಶ್ಚಿಂತನಾಗಿ ತಿದಿ ಒತ್ತುತ್ತಿರುತ್ತೇನೆ.